ಅಕ್ಕಿಪೇಟೆಯ ಮೂಟೆಯೂ ‘ಸರ್ವರ್ ಇಲ್ಲ’ ಎಂಬ ಮಾತೂ

“ಸರ್ವರ್ ಇಲ್ಲ, ನಾಳೆ ಬಾರಮ್ಮ.”

ನ್ಯಾಯಬೆಲೆ ಅಂಗಡಿ ಮುಂದೆ ಈ ಮಾತು ಕೇಳದವರು ನಮ್ಮ ಕಡೆ ಕಡಿಮೆ. ಕೂಲಿ ಬಿಟ್ಟು ಬಂದವರು ಖಾಲಿ ಚೀಲ ಮಡಚಿಕೊಂಡು ವಾಪಸ್ ಹೋಗುತ್ತಾರೆ. ಸರ್ವರ್ ಅಂದರೆ ಏನು, ಅದು ಎಲ್ಲಿದೆ, ನಿಜಕ್ಕೂ ಅದೇ ಕೆಟ್ಟಿದೆಯಾ ಎಂದು ಯಾರೂ ಕೇಳುವುದಿಲ್ಲ. ಪದವೇ ಗೊತ್ತಿಲ್ಲದಿದ್ದರೆ ಕೇಳುವುದಾದರೂ ಹೇಗೆ? ಅಕ್ಕಿಗಾಗಿ ಕೇಳುವ ಮಾತಿದು, ಅಕ್ಕಿಯಿಂದಲೇ ತಿಳಿಯೋಣ.

ಬೆಂಗಳೂರಿನ ಹಳೇ ಪೇಟೆಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರು ಎನ್ನುತ್ತದೆ ಇತಿಹಾಸ. ಅಲ್ಲಿ ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ, ಹತ್ತಿಗೆ ಅರಳೆಪೇಟೆ. ಒಂದೊಂದು ಸರಕಿಗೆ ಒಂದೊಂದು ಜಾಗ, ಅವುಗಳ ನಡುವೆ ಬೀದಿಗಳು, ಸುತ್ತ ಕೋಟೆ, ಊರೂರಿನ ಕಡೆಗೆ ಬಾಗಿಲುಗಳು. ಹಲಸೂರು ಗೇಟ್ ಎಂಬ ಹೆಸರು ಇವತ್ತಿಗೂ ಉಳಿದಿದೆ. ನೆಟ್‌ವರ್ಕ್ ಅಂದರೂ ಇಷ್ಟೇ: ದಾರಿಗಳಿಂದ ಜೋಡಿಸಿದ ಜಾಗಗಳು. ಜಾಗಗಳ ಬದಲು ಕಂಪ್ಯೂಟರ್, ಬೀದಿಗಳ ಬದಲು ಕೇಬಲ್ ಮತ್ತು ಟವರ್.

ನೂರು ಕ್ವಿಂಟಲ್ ಅಕ್ಕಿ ಒಂದೇ ರಾಶಿಯಾಗಿ ಪೇಟೆಗೆ ಬರುವುದಿಲ್ಲ, ಮೂಟೆ ಮೂಟೆಯಾಗಿ ಬರುತ್ತದೆ. ಇಂಟರ್ನೆಟ್ಟಿನಲ್ಲಿ ಮಾಹಿತಿಯೂ ಹಾಗೇ. ಆ ಮೂಟೆಗೆ ಪ್ಯಾಕೆಟ್ ಎನ್ನುತ್ತಾರೆ. ಪ್ರತಿ ಪ್ಯಾಕೆಟ್ ಮೇಲೆ ಕಳಿಸಿದವರ ಮತ್ತು ತಲುಪಬೇಕಾದವರ ವಿಳಾಸ ಇರುತ್ತದೆ. ಅದೇ ಐಪಿ ಅಡ್ರೆಸ್. ಕೂಡುರಸ್ತೆಯಲ್ಲಿ ನಿಂತು ‘ಈ ಗಾಡಿ ಆ ಕಡೆ’ ಎಂದು ದಾರಿ ತೋರಿಸುವ ಯಂತ್ರ ರೂಟರ್. ಮೂಟೆ ಎಣಿಸಿಕೊಳ್ಳುವುದು, ಒಂದು ತಪ್ಪಿದರೆ ಮತ್ತೆ ಕಳಿಸಿ ಎನ್ನುವುದು, ಇಂಥ ಎರಡೂ ಕಡೆ ಒಪ್ಪಿದ ಕಟ್ಟಳೆಗೆ ಪ್ರೋಟೋಕಾಲ್ ಎಂದು ಹೆಸರು. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ರೂಪಿಸಿದ ಟಿಸಿಪಿ/ಐಪಿ ಎಂಬ ಕಟ್ಟಳೆಗೆ ಅಮೆರಿಕದ ಆರ್ಪಾನೆಟ್ ಜಾಲ 1983ರ ಜನವರಿ 1ರಂದು ಬದಲಾಯಿತು. ಇವತ್ತಿನ ಇಂಟರ್ನೆಟ್ ನಡೆಯುತ್ತಿರುವುದೂ ಅದರ ಮೇಲೇ.

ಸಗಟು ಅಕ್ಕಿ ವ್ಯಾಪಾರ ಈಗ ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ನಡೆಯುತ್ತದೆ. ಅಕ್ಕಿಪೇಟೆಯ ಹೆಸರು ಮಾತ್ರ ಇದ್ದಲ್ಲೇ ಇದೆ. ವೆಬ್‌ಸೈಟಿನ ಹೆಸರೂ ಹೀಗೆ ಉಳಿಯುತ್ತದೆ, ಅದರ ಹಿಂದಿನ ಐಪಿ ಅಡ್ರೆಸ್ ಬದಲಾಗಬಹುದು. ಈ ಹೆಸರು ಈಗ ಯಾವ ವಿಳಾಸದಲ್ಲಿದೆ ಎಂದು ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್ಎಸ್.

ಇನ್ನು ಸರ್ವರ್. ಅದೊಂದು ಮಂಡಿ ಇದ್ದಂತೆ. ಸರಕು ಇಟ್ಟುಕೊಂಡು, ಕೇಳಿದವರಿಗೆ ಕೊಡುವ ಕಂಪ್ಯೂಟರ್. ಕೇಳುವ ಯಂತ್ರ ಕ್ಲೈಂಟ್. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಿಷನ್ನು ಕ್ಲೈಂಟ್. ಕಾರ್ಡಿನ ಲೆಕ್ಕ ಇರುವ ಸರ್ವರ್ ದೂರದಲ್ಲೆಲ್ಲೋ ಇರುತ್ತದೆ.

ಸರ್ವರ್ ಕೈಕೊಡುವುದು ಹೊಸದಲ್ಲ. 1969ರ ಅಕ್ಟೋಬರ್ 29ರಂದು ಆರ್ಪಾನೆಟ್ಟಿನಲ್ಲಿ ಮೊದಲ ಸಂದೇಶ ಕಳಿಸಿದರು. ‘ಲಾಗಿನ್’ ಎಂಬ ಇಂಗ್ಲಿಷ್ ಪದದ ಎರಡಕ್ಷರ ಹೋಗುವಷ್ಟರಲ್ಲಿ ಆ ಕಡೆಯ ಕಂಪ್ಯೂಟರ್ ನಿಂತೇಹೋಯಿತು. ಎಲ್ಲಿ ಕೆಟ್ಟಿದೆ ಎಂದು ಹುಡುಕಿ ಸುಮಾರು ಒಂದು ಗಂಟೆಯಲ್ಲಿ ಸರಿಮಾಡಿದರು. ನಮ್ಮ ದೇಶದಲ್ಲಿ 1986ರಲ್ಲಿ ಶುರುವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಿಂದ. ಅಲ್ಲಿಂದ ರೇಷನ್ ಅಂಗಡಿಯ ತನಕ ಜಾಲ ಬಂತು. ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಅಭ್ಯಾಸ ಮಾತ್ರ ಬರಲಿಲ್ಲ.

ಕೆಡುವ ಜಾಗ ಮೂರು. ಪಕ್ಕದೂರಿನ ಅಂಗಡಿಯಲ್ಲಿ ರೇಷನ್ ಕೊಡುತ್ತಿದ್ದರೆ ಸರ್ವರ್ ಬಹುಪಾಲು ಸರಿಯಾಗೇ ಇದೆ. ತೊಂದರೆ ನಿಮ್ಮೂರಿನ ಮಿಷನ್ನಿನಲ್ಲೋ ಸಿಗ್ನಲ್ಲಿನಲ್ಲೋ ಇರಬೇಕು. ತಾಲ್ಲೂಕಿಗೆ ತಾಲ್ಲೂಕೇ ನಿಂತಿದ್ದರೆ ಸರ್ವರನ್ನು ಅನುಮಾನಿಸಬಹುದು. ಹೆಬ್ಬೆಟ್ಟು ಹೊಂದುತ್ತಿಲ್ಲ ಎಂದು ಬಂದರೆ ಸರ್ವರ್ ಇದೆ, ಉತ್ತರವನ್ನೂ ಕೊಟ್ಟಿದೆ. ಸವೆದಿರುವುದು ಕೆಲಸ ಮಾಡಿದ ಬೆರಳು.

ಒಂದು ಮಾತು ನೆನಪಿಡಿ. ನೆಟ್‌ವರ್ಕ್ ಇಲ್ಲ, ಹೆಬ್ಬೆಟ್ಟು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ರೇಷನ್ ತಪ್ಪಿಸಬಾರದು, ದಾಖಲೆ ನೋಡಿ ಪುಸ್ತಕದಲ್ಲಿ ಬರೆದುಕೊಂಡು ಕೊಡಬೇಕು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಸೂಚಿಸಿದೆ.

ಮುಂದಿನ ಸಲ “ಸರ್ವರ್ ಇಲ್ಲ” ಅಂದರೆ ಚೀಲ ಮಡಚಬೇಡಿ. “ಇಲ್ಲದಿರೋದು ಯಾವುದಣ್ಣ? ಮಿಷನ್ನೋ, ಸಿಗ್ನಲ್ಲೋ, ಸರ್ವರ್ರೋ?” ಎಂದು ಕೇಳಿ. ಆಮೇಲೆ ಆ ಪುಸ್ತಕ ತೆಗೆಯಲು ಹೇಳಿ.