ಅಟ್ಟದ ಹಲಗೆಯ ಬಿಲ್ಲು

ದಾವಣಗೆರೆಯ ಹಳೇ ಪೇಟೆಯಲ್ಲಿ ನಮ್ಮ ನೆಂಟರ ಮನೆ ಕೆಡವಿದಾಗ, ಅಟ್ಟದ ನೆಲಕ್ಕೆ ಹಾಸಿದ್ದ ತೇಗದ ಹಲಗೆಗಳಲ್ಲಿ ಎರಡನ್ನು ಕೇಳಿ ತಂದೆ. ಆಳುದ್ದ, ನಾಲ್ಕು ಬೆರಳು ಅಗಲ. ಉಳಿದವು ಹಳೇ ಮರದ ಅಂಗಡಿಗೆ ಹೋದವು. ವೀರಗಲ್ಲುಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ನನಗೆ, ಕಲ್ಲಿನಲ್ಲಿ ನೋಡುತ್ತ ಬಂದ ಬಿಲ್ಲನ್ನು ಒಮ್ಮೆ ಕೈಯಾರೆ ಮಾಡಿ ನೋಡುವ ಆಸೆ.

ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಸಾಮಾನ್ಯವಾಗಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಆ ಕಾಳಗದಲ್ಲಿ ಎಷ್ಟೋ ಕಡೆ ಬಿಲ್ಲಾಳು ನಿಂತಿದ್ದಾನೆ. ಕಲ್ಲಿನ ಬಿಲ್ಲು ಉಳಿದಿದೆ. ಮರದ ಬಿಲ್ಲನ್ನು ನಮ್ಮ ಮಳೆ, ಗೆದ್ದಲು ಬಿಡುವುದಿಲ್ಲ. ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಎಂಬಲ್ಲಿ 1944ರಲ್ಲಿ ಸಿಕ್ಕ ಎಲ್ಮ್ ಮರದ ಬಿಲ್ಲಿಗೆ ಸುಮಾರು 9,000 ವರ್ಷ. ಜೌಗು ನೆಲದ ಗಾಳಿಯಾಡದ ಕೆಸರು ಅದನ್ನು ಕಾಪಾಡಿತ್ತು. ಅದರ ತೋಳುಗಳು ಅಗಲ, ಚಪ್ಪಟೆ. ನಡುವಿನ ಹಿಡಿ ಕಿರಿದು. ಹಲಗೆಗೆ ಒಗ್ಗುವ ಆಕಾರ. ಅದನ್ನೇ ಗೀಟು ಹಾಕಿಕೊಂಡೆ.

ಬಾಚಿಯಿಂದ ಕೆತ್ತಿ, ಅರ ಹಾಕಿ, ಹೆದೆಯೇರಿಸಿದೆ. ಅರ್ಧ ಎಳೆಯುವಷ್ಟರಲ್ಲಿ ಮೇಲಿನ ತೋಳು ಚಟ್ಟೆಂದು ಮುರಿಯಿತು. ಬಿಲ್ಲು ಬಾಗಿದಾಗ ಗುರಿಯ ಕಡೆಯ ಮೈ ಹಿಗ್ಗುತ್ತದೆ, ನಮ್ಮ ಕಡೆಯ ಮೈ ಕುಗ್ಗುತ್ತದೆ. ಹಿಗ್ಗುವ ಮೈಯಲ್ಲಿ ಮರದ ಎಳೆ ತುದಿಯಿಂದ ತುದಿಗೆ ಕಡಿಯದೆ ಸಾಗಬೇಕು. ನನ್ನ ಹಲಗೆಯಲ್ಲಿ ಅದು ಓರೆಯಾಗಿ ಅಂಚಿಗೆ ಸರಿದುಹೋಗಿತ್ತು. ಗರಗಸ ನೇರ ಕೊಯ್ದಿದೆ ಎಂದರೆ ಮರ ನೇರ ಬೆಳೆದಿದೆ ಎಂದಲ್ಲ.

ಮುರಿದ ಜಾಗ ನೋಡಿದ ಹಿರಿಯ ಬಡಗಿಯೊಬ್ಬರು, “ಇದು ಭಾರ ಹೊರೋ ಮರ ಕಣಮ್ಮ, ಬಗ್ಗೋದಲ್ಲ. ಬೆನ್ನಿಗೆ ಬಿದಿರಿನ ದಬ್ಬೆ ಅಂಟಿಸು” ಅಂದರು. ಬಿದಿರಿನ ನಾರು ಎಳೆತ ತಡೆಯುತ್ತದೆ. ಎರಡನೆಯ ಹಲಗೆಗೆ ಹಾಗೇ ಮಾಡಿದೆ. ಅದು ಮುರಿಯಲಿಲ್ಲ.

ಆ ವಾರವೇ ಹರಿಹರಕ್ಕೆ ಹೋದೆ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಕಟ್ಟಿಸಿದವನ ಹೆಸರು ಶಾಸನದಲ್ಲಿದೆ. ಕಾದಿ ಸತ್ತವನ ಹೆಸರು ವೀರಗಲ್ಲಿನಲ್ಲಿ ಸಿಗುತ್ತದೆ. ಕಲ್ಲು ಕಡೆದ ರೂವಾರಿಯ ಹೆಸರೂ ಹೊಯ್ಸಳ ಗುಡಿಗಳಲ್ಲಿ ಅಲ್ಲಲ್ಲಿ ಉಂಟು. ಆದರೆ ದಂಡಿಗೆ ಬಿಲ್ಲು ಮಾಡಿಕೊಟ್ಟವನು ಯಾರು? ನಾನು ಓದಿದ ವೀರಗಲ್ಲುಗಳಲ್ಲಿ ಅವನಿಲ್ಲ.

ನನ್ನ ಪ್ರಬಂಧದ ಕರಡಿನಲ್ಲಿ ಬಿಲ್ಲನ್ನು ‘ಸರಳ ಆಯುಧ’ ಎಂದು ಕರೆದಿದ್ದೆ. ಆ ‘ಸರಳ’ವನ್ನು ಹೊಡೆದುಹಾಕಿದ್ದೇನೆ. ಎಳೆ ಗುರುತಿಸಲು ಬಾರದವಳು ಮಾಡಿದ ಬಿಲ್ಲು ಮುರಿದಾಗ ನನಗಾದದ್ದು ಅಂಗೈಯ ಮೇಲೊಂದು ತರಚುಗಾಯ. ಕಾಳಗದ ನಡುವೆ ಮುರಿದಿದ್ದರೆ ಊರಿಗೆ ಇನ್ನೊಂದು ವೀರಗಲ್ಲು ಬೇಕಾಗುತ್ತಿತ್ತು.