ನಿದ್ದೆಯ ಬೇರುಗಳು: ಸರ್ಪಗಂಧದಿಂದ ಅಶ್ವಗಂಧದವರೆಗೆ

ಬಿಹಾರದ ಹಳ್ಳಿಗಳಲ್ಲಿ ಸರ್ಪಗಂಧದ ಬೇರಿಗೆ ‘ಹುಚ್ಚಿನ ಮದ್ದು’ ಎಂದೇ ಹೆಸರು. ರಚ್ಚೆ ಹಿಡಿದ ಕೂಸುಗಳನ್ನು ಮಲಗಿಸಲೂ ಅದನ್ನು ಕೊಡುವುದಿತ್ತು. ಆ ಬೇರು ಪ್ರಯೋಗಾಲಯ ಹೊಕ್ಕ ಕಥೆಯಲ್ಲಿ 1931 ಮುಖ್ಯ ವರ್ಷ. ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ಸಂಗಡಿಗರು ಅದರಿಂದ ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿ, ಒಂದಕ್ಕೆ ಕಾಲೇಜಿನ ಸ್ಥಾಪಕ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲೈನ್ ಎಂದು ಹೆಸರಿಟ್ಟರು. ಅದೇ ವರ್ಷ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್, ಬೇರಿನ ಪುಡಿ ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಒದಗುತ್ತದೆಂದು ಬರೆದರು. ಹೊರದೇಶದವರು ಕಿವಿಗೊಟ್ಟದ್ದು ಮಾತ್ರ 1949ರಲ್ಲಿ, ಬೊಂಬಾಯಿಯ ವೈದ್ಯ ರುಸ್ತುಂ ಜಾಲ್ ವಕೀಲರ ಲೇಖನ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬಂದ ಮೇಲೆ.

ಮುಂದಿನದೆಲ್ಲ ಬಿರುಸಿನಲ್ಲಿ ನಡೆಯಿತು. 1952ರಲ್ಲಿ ಬಾಸೆಲ್‌ನ ಸೀಬಾ ಕಂಪನಿ ಅದೇ ಬೇರಿನಿಂದ ರಿಸರ್ಪಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿತು. 1954ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಮನೋವೈದ್ಯ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಟ್ಟು ಫಲ ಕಂಡಿದ್ದರು. ರಿಸರ್ಪಿನ್ ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ದಾಸ್ತಾನನ್ನು ಬರಿದುಮಾಡುತ್ತದೆ ಎಂಬುದು 1955ರಲ್ಲಿ ತಿಳಿಯಿತು. ಮನಸ್ಸಿನ ಕಾಯಿಲೆಗಳ ರಸಾಯನವನ್ನು ಹುಡುಕುವ ಹಾದಿಗೆ ಅದೊಂದು ದೊಡ್ಡ ತಿರುವು. ಆದರೆ ಕೆಲವು ರೋಗಿಗಳು ಖಿನ್ನತೆಗೆ ಜಾರಿದ ವರದಿಗಳೂ ಬಂದವು. ಕ್ಲೋರ್‌ಪ್ರೊಮಝೀನ್ ಎಂಬ ಇನ್ನೊಂದು ಮದ್ದಿನ ಬಳಕೆ ಹರಡಿದ ಮೇಲೆ ಮಾನಸಿಕ ಚಿಕಿತ್ಸೆಯಲ್ಲಿ ರಿಸರ್ಪಿನ್ ಮೂಲೆ ಸೇರಿತು. ಗುಣ, ದೋಷ ಎರಡನ್ನೂ ಬಿಡದೆ ಕೆದಕಿದ್ದರಿಂದಲೇ ಅದರ ಜಾಗ ನಿಕ್ಕಿಯಾಯಿತು ಎಂಬುದು ನನ್ನ ಎಣಿಕೆ.

ಅಶ್ವಗಂಧಕ್ಕೆ, ನಮ್ಮ ಹಿರೇಮದ್ದಿಗೆ, ಆ ಅದೃಷ್ಟವಿಲ್ಲ. ಅಮೆರಿಕದಂಥ ದೇಶಗಳಲ್ಲಿ ಅದು ಔಷಧವಲ್ಲ, ಆಹಾರ ಪೂರಕ. ಹಾಗಾಗಿ ಮಾರುವ ಮೊದಲು ಗುಣ ಸಾಬೀತುಮಾಡುವ ಹಂಗಿಲ್ಲ. ಪ್ರಯೋಗಗಳೇ ಇಲ್ಲವೆಂದಲ್ಲ. 2012ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ 64 ಮಂದಿಯನ್ನು 60 ದಿನ ಗಮನಿಸಲಾಯಿತು. ಬೇರಿನ ಸಾರ ಸೇವಿಸಿದವರಲ್ಲಿ ಒತ್ತಡ ತಗ್ಗಿತ್ತು. ನಿದ್ದೆಯ ಬಗ್ಗೆ ಐದು ಪ್ರಯೋಗಗಳ 400 ಜನರ ಫಲಿತಾಂಶವನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಗೆ ಕಂಡದ್ದು ಸಣ್ಣ ಪ್ರಯೋಜನ. ನಿದ್ರಾಹೀನರಲ್ಲಿ, ದಿನಕ್ಕೆ 600 ಮಿಲಿಗ್ರಾಂ ಅಥವಾ ಹೆಚ್ಚು, ಕನಿಷ್ಠ ಎಂಟು ವಾರ ತೆಗೆದುಕೊಂಡವರಲ್ಲಿ ಅದು ತುಸು ಹೆಚ್ಚು. ಅಶ್ವಗಂಧವನ್ನು ಹೊಗಳುವ ರೀಲ್ಸ್‌ಗಳ ಅಬ್ಬರಕ್ಕೆ ಇಷ್ಟು ಸಾಕ್ಷ್ಯ ಸಾಲದು. ಯುರೋಪಿನ ನಿದ್ದೆಮದ್ದು ವಲೇರಿಯನ್ ಬೇರಿನ ಗತಿ ಇನ್ನೂ ಕಷ್ಟ: ದೀರ್ಘಕಾಲದ ನಿದ್ರಾಹೀನತೆಗೆ ಅದು ಬೇಡವೆಂದು ಅಮೆರಿಕದ ನಿದ್ರಾವೈದ್ಯರ ಸಂಘ 2017ರಲ್ಲೇ ಸಲಹೆ ಕೊಟ್ಟಿದೆ. ಒಂದೆಲಗದ ತಂಬುಳಿಗೆ ಯಾರೂ ಸಾಕ್ಷ್ಯ ಕೇಳಬೇಕಿಲ್ಲ ಬಿಡಿ, ಅದು ಊಟ. ದಿನವೂ ನುಂಗುವ ಸಾಂದ್ರ ಸಾರದ ಮಾತು ಬೇರೆ.

ಅಶ್ವಗಂಧ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. 2023ರಲ್ಲಿ ಡೆನ್ಮಾರ್ಕ್ ಅದನ್ನು ನಿಷೇಧಿಸಿತು. ಬಸುರಿಯರಿಗೆ ಅದು ಬೇಡ. ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಇನ್ನೊಂದು ತೊಡಕು ಕಲಬೆರಕೆಯದು. ಬೇರಿಗಿಂತ ಎಲೆ ಅಗ್ಗ, ಹಾಗಾಗಿ ಎಲೆಯನ್ನೂ ಬೆರೆಸುವುದುಂಟು. ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯವೇ 2021ರಲ್ಲಿ ತಯಾರಕರಿಗೆ ಹೇಳಬೇಕಾಯಿತು.