ಖಂಡ್ವಾದ ತಾಯಿ ಊರು ಬಿಡಲಿಲ್ಲ

'ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಮನೆಯಿಂದ ಹೋಗುವಾಗ ನೀಲಿ ಅಂಗಿ ಧರಿಸಿದ್ದ.' ಪತ್ರಿಕೆಯ ಒಳಪುಟದಲ್ಲಿ ಇಂಥ ಪ್ರಕಟಣೆಯನ್ನು ನೀವೆಲ್ಲ ನೋಡಿರುತ್ತೀರಿ. ಠಾಣೆಯಿಂದ ಬಂದ ಈ ನಾಲ್ಕು ಸಾಲನ್ನು ಜಿಲ್ಲೆಗಳಿಂದ ಸುದ್ದಿ ಕಳಿಸುವ ನಾವೇ ಟೈಪ್ ಮಾಡಿ ಕಳಿಸುತ್ತೇವೆ. ಮಗು ಸಿಕ್ಕರೆ ಇನ್ನೊಂದು ಸುದ್ದಿಯಾಗುತ್ತದೆ. ಸಿಗದಿದ್ದರೆ ಏನೂ ಆಗುವುದಿಲ್ಲ. ಸಿಗದ ಮಗುವಿನ ಮನೆಯಲ್ಲಿ ಆಮೇಲಿನ ಹತ್ತು, ಇಪ್ಪತ್ತು ವರ್ಷ ಹೇಗೆ ಕಳೆಯುತ್ತದೆ ಎಂಬುದು ಯಾವ ಪುಟದಲ್ಲೂ ಬರುವುದಿಲ್ಲ.

ಹಾಗೆ ಇಪ್ಪತ್ತೈದು ವರ್ಷ ಕಳೆದ ಒಂದು ಮನೆಯ ಚರಿತ್ರೆ ಇಲ್ಲಿದೆ. ಊರು ಮಧ್ಯಪ್ರದೇಶದ ಖಂಡ್ವಾ. ಗಾಯಕ ಕಿಶೋರ್ ಕುಮಾರ್ ಹುಟ್ಟಿದ ಊರು ಅಂದರೆ ಹಲವರಿಗೆ ಗೊತ್ತಾಗುತ್ತದೆ. ಅಲ್ಲಿನ ಗಣೇಶ್ ತಲಾಯಿ ಎಂಬ ಬಡವರ ಕೇರಿಯಲ್ಲಿ ಫಾತಿಮಾ ಮುನ್ಶಿ ನಾಲ್ಕು ಮಕ್ಕಳನ್ನು ಸಾಕುತ್ತಿದ್ದರು. ಗಂಡ ಬಿಟ್ಟು ಹೋಗಿದ್ದ. ಕಟ್ಟಡದ ಕೆಲಸದಲ್ಲಿ ಕಲ್ಲು ಹೊತ್ತು ಬಂದ ಕೂಲಿಯಲ್ಲಿ ಸಂಸಾರ ನಡೆಯಬೇಕಿತ್ತು. ದೊಡ್ಡವನು ಗುಡ್ಡು, ಆಮೇಲೆ ಕಲ್ಲು, ಶೇರು, ಕೊನೆಯವಳು ಶಕೀಲಾ.

1986ರಲ್ಲಿ ಒಂದು ಸಂಜೆ ಗುಡ್ಡು ಐದು ವರ್ಷದ ಶೇರುವನ್ನು ಕರೆದುಕೊಂಡು ರೈಲು ಹತ್ತಿ ಸುಮಾರು 70 ಕಿಲೋಮೀಟರ್ ದೂರದ ಬುರ್ಹಾನ್‌ಪುರಕ್ಕೆ ಹೋದ. ತಮ್ಮನಿಗೆ ನಿದ್ದೆ ತೂಗುತ್ತಿತ್ತು. ಇಲ್ಲೇ ಇರು, ಬರ್ತೀನಿ ಎಂದು ನಿಲ್ದಾಣದ ಬೆಂಚಿನ ಮೇಲೆ ಕೂರಿಸಿ ಹೋದ ಅಣ್ಣ ತಿರುಗಿ ಬರಲಿಲ್ಲ. ಎಚ್ಚರವಾದ ಶೇರು ಎದುರಿಗೆ ನಿಂತಿದ್ದ ರೈಲಿನಲ್ಲಿ ಅಣ್ಣ ಇರಬಹುದೆಂದು ಹತ್ತಿದ. ಅದು ಅವನನ್ನು ಸುಮಾರು 1,500 ಕಿಲೋಮೀಟರ್ ಆಚೆ ಕೋಲ್ಕತ್ತದ ಹೌರಾ ನಿಲ್ದಾಣಕ್ಕೆ ತಂದು ಬಿಟ್ಟಿತು.

ಫಾತಿಮಾ ಅವರ ಮನೆಯಿಂದ ಒಂದೇ ರಾತ್ರಿ ಇಬ್ಬರು ಮಕ್ಕಳು ಹೋದರು. ವಾರಗಳ ನಂತರ ಗುಡ್ಡು ರೈಲು ಹಳಿಯ ಮೇಲೆ ಸತ್ತ ಸುದ್ದಿ ತಲುಪಿತು. ಶೇರುವಿನ ಸುದ್ದಿ ಮಾತ್ರ ಯಾವ ಕಡೆಯಿಂದಲೂ ಬರಲಿಲ್ಲ. ಒಂದೇ ತಾಯಿಗೆ ಎರಡು ಬಗೆಯ ದುಃಖ. ಒಂದರಲ್ಲಿ ಮಗ ಇಲ್ಲ ಎಂದು ಗೊತ್ತು. ಇನ್ನೊಂದರಲ್ಲಿ ಅದೂ ಗೊತ್ತಿಲ್ಲ.

ಈ ಎರಡನೆಯ ದುಃಖಕ್ಕೆ ವಿದ್ವತ್ತಿನ ಲೋಕದಲ್ಲಿ ಹೆಸರು ಸಿಕ್ಕಿದ್ದೇ ಈಚೆಗೆ. ಮುಂದೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದ ಪಾಲಿನ್ ಬಾಸ್ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು ಕಂಡು ಅಧ್ಯಯನ ಮಾಡಿದರು. ಇದನ್ನು ಅವರು ಕರೆದ ಹೆಸರನ್ನು ಕನ್ನಡದಲ್ಲಿ 'ಅಸ್ಪಷ್ಟ ನಷ್ಟ' ಎನ್ನಬಹುದು. ಸಾವಿಗೆ ಕೊನೆಯ ದಿನ ಎಂಬುದಿದೆ, ಮಣ್ಣು ಇದೆ, ತಿಥಿ ಇದೆ, ನೆಂಟರು ಬಂದು ಕೂತು ಅಳುವ ಪದ್ಧತಿ ಇದೆ. ಕಾಣೆಯಾದವರಿಗೆ ಇದ್ಯಾವುದೂ ಇಲ್ಲ. ಹಾಗಾಗಿ ಮನೆಯವರ ದುಃಖ ನಡುವೆಯೇ ನಿಂತುಬಿಡುತ್ತದೆ, ಅದು ಅವರ ಮನಸ್ಸಿನ ದೌರ್ಬಲ್ಯವಲ್ಲ ಎಂಬುದು ಬಾಸ್ ಅವರ ಮಾತಿನ ತಿರುಳು.

ನಮ್ಮ ಹಳ್ಳಿಗಳಲ್ಲಿ ಇದು ಪುಸ್ತಕದ ಮಾತಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಕಾಣೆಯಾದವರ ಹೆಸರಿನಲ್ಲಿ ಇಡಬೇಕೋ ಬೇಡವೋ? ಇಟ್ಟರೆ ನಾವೇ ಸಾಯಿಸಿದ ಹಾಗೆ, ಇಡದಿದ್ದರೆ ಮರೆತ ಹಾಗೆ. 'ಇನ್ನೆಷ್ಟು ದಿನ ಕಾಯ್ತೀಯವ್ವ, ಮುಗಿಸಿಬಿಡು' ಎನ್ನುವವರೂ ಇದ್ದಾರೆ, 'ಬಂದೇ ಬರ್ತಾನೆ ಬಿಡು' ಎನ್ನುವವರೂ ಇದ್ದಾರೆ. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಆದರೆ ಇಬ್ಬರೂ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳುತ್ತಾರೆ. ಆ ಮನೆಗೆ ಬೇಕಾದದ್ದು ಗೊತ್ತಿಲ್ಲ ಎಂಬುದನ್ನು ಒಪ್ಪಿಕೊಂಡು ಜೊತೆಗೆ ಕೂರುವವರು.

ಫಾತಿಮಾ ಏನು ಮಾಡಿದರು? ರೈಲು ಹತ್ತಿ ಊರೂರು ಹುಡುಕಿದರು. ದೇವರಲ್ಲಿ ಬೇಡಿಕೊಂಡರು. ಆಮೇಲೆ ಉಳಿದಿಬ್ಬರು ಮಕ್ಕಳನ್ನು ಶಾಲೆಗೆ ಕಳಿಸಿದರು. ನಾಲ್ಕು ಹೊಟ್ಟೆ ಇದ್ದಾಗ ಆಗದಿದ್ದ ಶಾಲೆ ಎರಡೇ ಉಳಿದಾಗ ಆಯಿತು ಎಂಬುದು ಬಡತನದ ಕ್ರೂರ ಲೆಕ್ಕ. ಮುಂದೆ ಶಕೀಲಾ ಶಿಕ್ಷಕಿಯಾದರು, ಕಲ್ಲು ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್ ಆದರು. ಕಾಣೆಯಾದ ಮಗುವಿನ ನೆರಳಲ್ಲಿ ಉಳಿದ ಮಕ್ಕಳು ಮರೆತುಹೋಗುವ ಮನೆಗಳೇ ಹೆಚ್ಚು. ಇಲ್ಲಿ ಹಾಗಾಗಲಿಲ್ಲ.

ಇನ್ನೊಂದು ಕೆಲಸವನ್ನೂ ಅವರು ಮಾಡಿದರು. ಊರು ಬಿಡಲಿಲ್ಲ. ಮನೆ ಬದಲಿಸಿದರೂ ಅದೇ ಕೇರಿಯಲ್ಲಿ, ಹಳೆಯ ಮನೆಗೆ ಕೂಗಳತೆಯಲ್ಲೇ ಉಳಿದರು. ಮಗ ಎಂದಾದರೂ ಬಂದರೆ ಇಲ್ಲಿಗೇ ತಾನೆ ಬರಬೇಕು?

ಇದು ಖಂಡ್ವಾದ ತಾಯಿಗೆ ಮಾತ್ರ ಹೊಳೆದ ದಾರಿಯಲ್ಲ. 1979ರ ಮೇ 25ರಂದು ನ್ಯೂಯಾರ್ಕ್ ನಗರದಲ್ಲಿ ಆರು ವರ್ಷದ ಈಟನ್ ಪ್ಯಾಟ್ಜ್ ಮೊದಲ ಸಲ ಒಬ್ಬನೇ ಶಾಲೆಯ ಬಸ್ಸಿಗೆ ನಡೆದು ಹೊರಟವನು ಕಾಣೆಯಾದ. ತಂದೆ ಫೋಟೋಗ್ರಾಫರ್. ಅವರು ತೆಗೆದಿದ್ದ ಮಗನ ಚಿತ್ರಗಳು ಊರೆಲ್ಲ ಅಂಟಿದವು. 1980ರ ದಶಕದಲ್ಲಿ ಅಲ್ಲಿ ಹಾಲಿನ ಪೊಟ್ಟಣಗಳ ಮೇಲೆ ಕಾಣೆಯಾದ ಮಕ್ಕಳ ಫೋಟೋ ಅಚ್ಚಾಗತೊಡಗಿದಾಗ ಅವುಗಳಲ್ಲಿ ಈಟನ್‌ನ ಮುಖವೂ ಇತ್ತು. 1983ರಿಂದ ಮೇ 25 ಅಮೆರಿಕದಲ್ಲಿ ಕಾಣೆಯಾದ ಮಕ್ಕಳ ದಿನ. ಆ ತಂದೆತಾಯಿ ದಶಕಗಳ ಕಾಲ ಅದೇ ಮನೆಯಲ್ಲಿದ್ದರು, ಫೋನ್ ನಂಬರನ್ನೂ ಬದಲಿಸಲಿಲ್ಲ. ಒಂದು ಕಡೆ ನ್ಯೂಯಾರ್ಕ್, ಇನ್ನೊಂದು ಕಡೆ ಗಣೇಶ್ ತಲಾಯಿ. ಎರಡೂ ಮನೆಯವರು ಒಂದೇ ಕೆಲಸ ಮಾಡಿದರು, ವಿಳಾಸ ಕಾದರು.

ಈಟನ್ ಬರಲಿಲ್ಲ. 2001ರಲ್ಲಿ ನ್ಯಾಯಾಲಯ ಅವನನ್ನು ಮೃತನೆಂದು ಘೋಷಿಸಿತು, ದೇಹ ಇವತ್ತಿಗೂ ಸಿಕ್ಕಿಲ್ಲ. ಕಾದವರೆಲ್ಲರಿಗೂ ಮಕ್ಕಳು ಸಿಗುತ್ತಾರೆ ಎಂದು ಹೇಳಲು ನಾವು ಇದನ್ನು ಬರೆಯುತ್ತಿಲ್ಲ.

ಶೇರು ಬಂದ. ಹೌರಾದ ಬೀದಿಯಲ್ಲಿ ವಾರಗಟ್ಟಲೆ ಬದುಕಿದ ಅವನು ಪೊಲೀಸರ ಮೂಲಕ ಮಕ್ಕಳ ನಿಲಯ ಸೇರಿದ್ದ. ಊರು ಯಾವುದು ಎಂದರೆ 'ಗಿನೆಸ್ಟ್‌ಲಾಯ್' ಎನ್ನುತ್ತಿದ್ದ. ಅದು ಗಣೇಶ್ ತಲಾಯಿ ಎಂದು ಯಾರಿಗೂ ತಿಳಿಯಲಿಲ್ಲ. ಶೇರು ಎಂಬ ಹೆಸರೂ ಅವನ ಬಾಯಲ್ಲಿ 'ಸರೂ' ಆಗಿತ್ತು. ಜಿಲ್ಲೆಯ ಹೆಸರು ಗೊತ್ತಿರಲಿಲ್ಲ. 1987ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದ ಬ್ರಿಯರ್ಲಿ ದಂಪತಿ ಅವನನ್ನು ದತ್ತು ಪಡೆದರು. ದೊಡ್ಡವನಾದ ಮೇಲೆ ಸರೂ ಬ್ರಿಯರ್ಲಿ ಕೋಲ್ಕತ್ತದಿಂದ ಹೊರಡುವ ರೈಲು ಹಳಿಗಳನ್ನು ಗೂಗಲ್ ಅರ್ಥ್‌ನಲ್ಲಿ ರಾತ್ರಿಯೆಲ್ಲ ಹಿಂಬಾಲಿಸಿ, 2011ರಲ್ಲಿ ಬುರ್ಹಾನ್‌ಪುರವನ್ನೂ ಅಲ್ಲಿಂದ ಖಂಡ್ವಾವನ್ನೂ ಗುರುತಿಸಿದ. 2012ರ ಫೆಬ್ರುವರಿಯಲ್ಲಿ ಕೇರಿಗೆ ಬಂದಾಗ ಹಳೆಯ ಮನೆಗೆ ಬೀಗ. ನೆರೆಯವರು ಅವನನ್ನು ಕೆಲವೇ ಹೆಜ್ಜೆ ಆಚೆಗೆ ಕರೆದೊಯ್ದರು. ತಾಯಿ ಅಲ್ಲಿದ್ದರು.

2016ರ 'ಲಯನ್' ಸಿನಿಮಾ ಈ ಕಥೆಯೇ. ಸಿನಿಮಾ ಮುಗಿದರೂ ಮನೆಯ ಕಥೆ ಮುಗಿಯುವುದಿಲ್ಲ. ಮಗನಿಗೆ ಹಿಂದಿ ಮರೆತುಹೋಗಿತ್ತು, ತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಡುವೆ ಮೂರನೆಯವರು ಅನುವಾದ ಮಾಡಬೇಕಿತ್ತು. ಅಣ್ಣ ಸತ್ತು ಇಪ್ಪತ್ತೈದು ವರ್ಷವಾಯಿತು ಎಂಬುದು ಸರೂಗೆ ತಿಳಿದದ್ದೂ ಆಗಲೇ. ಕಳೆದ ವರ್ಷಗಳನ್ನು ಯಾರೂ ತಿರುಗಿ ಕೊಡಲಾರರು.

ಒಂದು ಕೇರಿಯ ಹೆಸರನ್ನು ಮಗು ಸರಿಯಾಗಿ ಹೇಳಲಾಗದ್ದಕ್ಕೆ ಇಪ್ಪತ್ತೈದು ವರ್ಷ ಹೋಯಿತು. ಆಗ ಮಗು ಸಿಕ್ಕ ಠಾಣೆಗೂ ಮಗು ಕಳೆದುಕೊಂಡ ಊರಿಗೂ ನಡುವೆ ದಾರಿಯೇ ಇರಲಿಲ್ಲ. ಮಕ್ಕಳ ಸಹಾಯವಾಣಿ 1098 ಮುಂಬೈಯಲ್ಲಿ ಶುರುವಾದದ್ದೇ 1996ರಲ್ಲಿ. 2013ರ ಮೇ 10ರಂದು ಬಚಪನ್ ಬಚಾವೋ ಆಂದೋಲನದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್, ಮಗು ಕಾಣೆಯಾದ ಪ್ರತಿ ದೂರನ್ನೂ ಎಫ್‌ಐಆರ್ ಆಗಿ ದಾಖಲಿಸಿ ಅಪಹರಣ ಅಥವಾ ಮಾನವ ಸಾಗಣೆ ಇರಬಹುದೆಂದೇ ತನಿಖೆ ನಡೆಸಬೇಕು ಎಂದು ಆದೇಶಿಸಿತು.

ಆದ್ದರಿಂದ '24 ಗಂಟೆ ಕಾಯಿರಿ, ನೆಂಟರ ಮನೇಲಿ ಹುಡುಕಿ ಬನ್ನಿ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಂಥ ಕಾನೂನು ಇಲ್ಲ. 112 ಅಥವಾ 1098ಕ್ಕೆ ಕರೆ ಮಾಡಿ. ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ, ಅದು ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆದು ಕಳಿಸಿ. ಅಂಗನವಾಡಿಗೆ ಹೋಗುವ ಮಗುವಿಗೂ ತನ್ನ ಹೆಸರು, ಅಪ್ಪ ಅಮ್ಮನ ಹೆಸರು, ಊರು, ತಾಲ್ಲೂಕು, ಜಿಲ್ಲೆ, ಒಂದು ಫೋನ್ ನಂಬರ್ ಬಾಯಿಪಾಠ ಮಾಡಿಸಿ.

ನಿಮ್ಮ ಊರಿನಲ್ಲಿ ಕಾಯುತ್ತಿರುವ ಮನೆ ಇದ್ದರೆ ಹಬ್ಬದ ದಿನ ಒಮ್ಮೆ ಹೋಗಿ ಬನ್ನಿ. ಮಗುವಿನ ಹೆಸರು ಎತ್ತಲು ಅಂಜಬೇಡಿ. ಹಲವರು ನೋವಾದೀತೆಂದು ಹೆಸರೇ ಎತ್ತುವುದಿಲ್ಲ. ಆ ಮನೆಯವರು ಮಾತ್ರ ದಿನವೂ ಅದೇ ಹೆಸರನ್ನು ಒಳಗೊಳಗೇ ಕರೆಯುತ್ತಿರುತ್ತಾರೆ.